ಸಾವಿರಾರು ಜನ ಸೇರುವ ಆನ್‌ಲೈನ್ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳನ್ನು ಕೊನೆಯವರೆಗೂ ಹಿಡಿದಿಡುವುದು ಯಾವುದು?

ನಾನು ಕಂಡಂತೆ ವಾರದ ಗಡುವು, ಅದಕ್ಕಿಂತ ಹೆಚ್ಚಾಗಿ ಜೊತೆಗಾರರು. ವಿಡಿಯೊ ಚಿಕ್ಕದಿರಬೇಕೆಂಬುದೂ ನಿಜ: ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, 6 ನಿಮಿಷ ದಾಟಿದರೆ ನೋಡುಗರ ಆಸಕ್ತಿ ಕುಗ್ಗುತ್ತದೆ ಎಂದು ಕಂಡುಕೊಂಡಿತು. ಆದರೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸ್ ಯೋಜನೆ ಎನ್‌ಪಿಟಿಇಎಲ್‌ನ ಉದ್ದುದ್ದ ಪಾಠಗಳನ್ನೂ ಉಡುಪಿಯ ನಮ್ಮ ಹಾಸ್ಟೆಲಿನಲ್ಲಿ ನಾವು ನಾಲ್ವರು 12 ವಾರ ಬಿಡದೆ ಕಲಿತೆವು. ಅಲ್ಲಿ ವಾರಕ್ಕೊಂದು ಅಸೈನ್‌ಮೆಂಟ್. ಅಂತಿಮ ಅಂಕದಲ್ಲಿ ಶೇ 25ರಷ್ಟು ಅದಕ್ಕೇ ಮೀಸಲು. ಜುಲೈ ತಿಂಗಳ ಜಡಿಮಳೆಗೆ ಕರೆಂಟು ಹೋದ ರಾತ್ರಿ, ಒಂದೇ ಮೊಬೈಲಿನ ಬೆಳಕಿನ ಸುತ್ತ ಕುಳಿತು, ಹಿಂದಿನ ವಾರದ ಮೂರನೆಯ ಲೆಕ್ಕ ಯಾಕೆ ತಪ್ಪಾಯಿತೆಂದು ವಾದಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬಳೇ ಸೇರಿದ್ದ ಇನ್ನೊಂದು ಕೋರ್ಸನ್ನು ಎರಡನೆಯ ವಾರಕ್ಕೇ ಕೈಬಿಟ್ಟಿದ್ದೆ. ನೀವು ಹೆಸರು ನೋಂದಾಯಿಸುವ ಮೊದಲು ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ.