ಮನೆ ಹೊಸದಾಯಿತು, ಘಾಟು ಹೋಗಲಿಲ್ಲ

ಪ್ರಶ್ನೆ: ಏಪ್ರಿಲಿನಲ್ಲಿ ಹಳೆಯ ಮನೆಗೆ ಹೊಸ ಅಡುಗೆಮನೆ, 2 ವಾರ್ಡ್‌ರೋಬ್ ಮಾಡಿಸಿದೆವು. ಪೈಂಟಿನ ವಾಸನೆ ಹೋಯಿತು. ಮಳೆ ಹಿಡಿದ ಮೇಲೆ ಮಲಗುವ ಕೋಣೆಯಲ್ಲಿ ಕಣ್ಣು ಉರಿಯುವಂಥ ಘಾಟು. ಕರ್ಪೂರ, ಊದುಬತ್ತಿ, ಹೆಚ್ಚಿಟ್ಟ ನೀರುಳ್ಳಿ ಎಲ್ಲ ಆಯಿತು. ಏನು ಮಾಡೋಣ? (ಬಿಜೈ, ಮಂಗಳೂರು)

ಉತ್ತರ: ನೀರುಳ್ಳಿಯನ್ನು ಸಾಂಬಾರಿಗೆ ಹಾಕಿ. ಊದುಬತ್ತಿಯನ್ನಂತೂ ಆ ಕೋಣೆಯಲ್ಲಿ ಹಚ್ಚಲೇಬೇಡಿ. ಹೊಸ ಹಲಗೆಯಿಂದ ಬರುವ ಫಾರ್ಮಾಲ್ಡಿಹೈಡ್ ಎಂಬ ಘಾಟಿನ ಅನಿಲ ಅದರ ಹೊಗೆಯಲ್ಲೂ ಇರುತ್ತದೆ.

ಪೈಂಟಿನ ವಾಸನೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಮಳೆ ಬಂದಾಗ ಏರಿತೆಂದರೆ ಹಲಗೆಯ ಅಂಟಿನ ಮೇಲೆ ಅನುಮಾನ ಪಡಬೇಕು. ಕಮರ್ಷಿಯಲ್ ಪ್ಲೈ, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಸೆಕೆಯೂ ತೇವವೂ ಕೂಡಿದರೆ ಆ ಅಂಟು ಸ್ವಲ್ಪ ಸ್ವಲ್ಪವೇ ಒಡೆದು ಅನಿಲ ಬಿಡುತ್ತದೆ. ಪತ್ತನಾಜೆ (ಮೇ ಕೊನೆಯ ಹೊತ್ತು) ಕಳೆದು ಕಿಟಕಿ ಮುಚ್ಚಿಕೊಂಡಮೇಲೆ ಅದಕ್ಕೆ ಹೊರಹೋಗಲು ದಾರಿಯೂ ಇಲ್ಲ.

ಮೊದಲು ಜಾಗ ಹಿಡಿಯಿರಿ. ರಾತ್ರಿ ಎಲ್ಲ ಕಪಾಟುಗಳನ್ನೂ ಮುಚ್ಚಿ, ಬೆಳಿಗ್ಗೆ ಅಂಗಳದಲ್ಲಿ 10 ನಿಮಿಷ ನಿಂತು ಬಂದು ಒಂದೊಂದನ್ನೇ ತೆರೆದು ಮೂಸಿ. ಒಳಗೇ ಇದ್ದವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ, ಅದನ್ನು ನಂಬಬೇಡಿ.

ಇನ್ನು ಟಾರ್ಚ್ ಹಿಡಿದು ಆ ಕಪಾಟಿನ ಒಳಗೆ ನೋಡಿ. ಮೈಕಾ ಅಂಟಿಸಿದ ಮುಂಭಾಗದಿಂದ ಅನಿಲ ಹೆಚ್ಚು ಬರುವುದಿಲ್ಲ. ಕಣ್ಣಿಗೆ ಬೀಳದ ಕಡೆ ಆಚಾರಿ ಏನೂ ಹಚ್ಚದೆ ಹಾಗೆಯೇ ಬಿಟ್ಟ ಮೈ, ಅಂಚುಗಳಿಂದ ಬರುತ್ತದೆ: ಹಿಂದಿನ ಹಲಗೆ, ಡ್ರಾಯರಿನ ತಳ, ವಯರ್ ಹಾಯಿಸಲು ಕೊರೆದ ತೂತು, ಶೆಲ್ಫಿನ ಹಿಂದಿನ ಅಂಚು. 220 ನಂಬರಿನ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ನೀರಿನ ಆಧಾರದ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟನ್ನು ತೆಳ್ಳಗೆ 2 ಸಲ ಹಚ್ಚಿ. ಮೊದಲ ಕೋಟು ಪೂರ್ತಿ ಒಣಗುವ ತನಕ ಎರಡನೆಯದಕ್ಕೆ ಕೈ ಹಾಕಬೇಡಿ. ಅರಗಿನ ಪಾಲಿಶ್ ಕೂಡ ಅನಿಲವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಹಚ್ಚಿದರೆ ಬಿಳಿಚಿಕೊಳ್ಳುತ್ತದೆ, ಅದಕ್ಕೆ ಬಿಸಿಲು ಬರುವ ತನಕ ಕಾಯಬೇಕು.

ಮಳೆ ಬಿಟ್ಟಾಗಲೆಲ್ಲ ಕಪಾಟಿನ ಬಾಗಿಲು ತೆರೆದು, ಟೇಬಲ್ ಫ್ಯಾನನ್ನು ಕಿಟಕಿಯ ಹೊರಕ್ಕೆ ಮುಖ ಮಾಡಿ ಇಡಿ, ಎದುರಿನ ಕಿಟಕಿ ಅಥವಾ ಬಾಗಿಲು ತೆರೆದಿರಲಿ. ಫ್ಯಾನನ್ನು ಒಳಮುಖವಾಗಿ ಇಟ್ಟರೆ ಘಾಟು ಪಕ್ಕದ ಕೋಣೆಗೆ ಹೋಗುತ್ತದೆ ಅಷ್ಟೇ. ಮಳೆ ಜಡಿಯುವಾಗ ಎ.ಸಿ.ಯನ್ನು ಡ್ರೈ ಮೋಡಿನಲ್ಲಿ ಹಾಕಿ ತೇವವನ್ನು 60 ಶೇಕಡಕ್ಕಿಂತ ಕೆಳಗೆ ಇಳಿಸಿ. ಮಕ್ಕಳು, ಉಬ್ಬಸ ಇರುವವರು ಸದ್ಯ ಬೇರೆ ಕೋಣೆಯಲ್ಲಿ ಮಲಗಲಿ. ಮುಂದೆ ಹಲಗೆ ತರುವಾಗ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುತ್ತದೆ ಎಂದು ಹೇಳುವ ಇ0 ಅಥವಾ ಇ1 ಗುರುತು ಕೇಳಿ. ಅಂಗಡಿಯವರು ‘ವಾಟರ್‌ಪ್ರೂಫ್’ ಎಂದು ಹೇಳುವುದು ಈ ಪ್ರಶ್ನೆಗೆ ಉತ್ತರವಲ್ಲ.

ಪ್ರಶ್ನೆ: ಫ್ಲ್ಯಾಟಿನ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿ ದುಬೈಗೆ ಹೋಗಿದ್ದೆವು. 4 ತಿಂಗಳು ಬಿಟ್ಟು ಬಾಗಿಲು ತೆರೆದರೆ ಗಟಾರದ ವಾಸನೆ. (ಸುರತ್ಕಲ್)

ಉತ್ತರ: ನೆಲದ ಜಾಲಿಯ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಸದಾ ನಿಂತಿರುವ ನೀರೇ ಗಟಾರದ ಗಾಳಿಗೆ ಅಡ್ಡ. ಬಳಕೆ ಇಲ್ಲದಿದ್ದರೆ ಅದು ಆರುತ್ತದೆ. ಒಂದು ಬಾಲ್ದಿ ನೀರು ಹುಯ್ದು, ಕಿಟಕಿ ತೆರೆದು ಗಂಟೆ ಕಾಯಿರಿ. ವಾಸನೆ ಹೋದರೆ ಕೆಲಸ ಮುಗಿಯಿತು. ಮುಂದಿನ ಸಲ ಹೊರಡುವಾಗ ನೀರು ಹುಯ್ದು ಮೇಲೆ 2 ಚಮಚ ತೆಂಗಿನೆಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ.

ಹೋಗದಿದ್ದರೆ ಜಾಲಿ ತೆಗೆದು ಟಾರ್ಚ್ ಬಿಡಿ. ಟೈಲ್ಸಿನವರು ಒಳಗಿನ ಕಪ್ ತೆಗೆದು ಮತ್ತೆ ಇಡದೇ ಹೋಗಿರುವುದು, ಸಿಮೆಂಟ್ ಗಟ್ಟೆ ಬಿದ್ದು ಕಪ್ ಕೂರದಿರುವುದು ಸಾಮಾನ್ಯ. ಬೇಸಿನ್ ಪೈಪ್ ಮತ್ತು ವಾಷಿಂಗ್ ಮೆಷಿನಿನ ಪೈಪ್ ಗೋಡೆಗೆ ಸೇರುವಲ್ಲಿ ರಬ್ಬರ್ ರಿಂಗ್ ಇದೆಯೇ ಎಂದೂ ನೋಡಿ. ವಾಸನೆಗೆಂದು ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಪ್ರಶ್ನೆ: ಕೆಂಪು ಕಲ್ಲಿನ ಗೋಡೆಗೆ ಹೊಸ ಪುಟ್ಟಿ, ಪೈಂಟ್ ಆಯಿತು. ಆದರೂ ಕಪಾಟಿನ ಹಿಂದೆ ಮುಗ್ಗಲು ವಾಸನೆ. (ಉಡುಪಿ)

ಉತ್ತರ: ಕಪಾಟು ಸರಿಸಿ, 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಗೋಡೆಯ ಬಿರುಕು, ಸೂರಿನ ನೀರು ಬೀಳುವ ಜಾಗ ಸರಿಮಾಡಿ ಒಣಗಿಸದೆ ಒಳಗೆ ಏನು ಬಳಿದರೂ ಎದ್ದುಬರುತ್ತದೆ. ಹನಿ ಹೊರಮೈಯಲ್ಲಿದ್ದರೆ ಕೋಣೆಯ ತೇವ. ಆಗ ಬೂಸು ಒರೆಸಿ, ಗೋಡೆಗೂ ಕಪಾಟಿಗೂ ನಡುವೆ 2 ಇಂಚು ಬಿಟ್ಟರೆ ಸಾಕು.