ಚಳಿಗಾಲದಲ್ಲಿ ಕೊಳದ ಗೋಲ್ಡ್‌ಫಿಶ್, ಕೋಯಿ ಮೀನುಗಳಿಗೆ ಆಹಾರ ಹಾಕೋದು ನಿಲ್ಲಿಸಬೇಕಾ?

ತಿಂಗಳು ನೋಡಬೇಡಿ, ನೀರಿನ ಉಷ್ಣಾಂಶ ನೋಡಿ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಪೂರ್ತಿ ನಿಲ್ಲಿಸಿ. 10ರಿಂದ 15ರ ನಡುವೆ ಸುಲಭವಾಗಿ ಜೀರ್ಣವಾಗುವ, ಗೋಧಿ ಮೊಳಕೆಯ ಅಂಶವಿರುವ ಆಹಾರವನ್ನು ಸ್ವಲ್ಪವೇ ಕೊಡಿ.

ಕಾರಣ ಇಷ್ಟೇ: ಮೀನಿಗೆ ನಮ್ಮ ಹಾಗೆ ಮೈಯ ಬಿಸಿ ಕಾಯ್ದುಕೊಳ್ಳಲು ಆಗುವುದಿಲ್ಲ. ನೀರು ತಣ್ಣಗಾದಷ್ಟೂ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಲಂಡನ್ ಕಡೆ ಚಳಿಗಾಲದಲ್ಲಿ ವಾರಗಟ್ಟಲೆ ಏನೂ ಹಾಕದಿದ್ದರೂ ಅವು ಮೈಯಲ್ಲಿರುವ ಕೊಬ್ಬಿನಲ್ಲೇ ಬದುಕುತ್ತವೆ. ಬೆಂಗಳೂರಿನ ಕೊಳ ಅಷ್ಟು ತಣ್ಣಗಾಗುವುದು ಅಪರೂಪ. ಡಿಸೆಂಬರ್, ಜನವರಿಯಲ್ಲಿ ಪ್ರಮಾಣ ಇಳಿಸಿದರೆ ಸಾಕು.

ನಮ್ಮಲ್ಲಿ ಜಾಸ್ತಿ ತೊಂದರೆ ಬೇಸಿಗೆಯಲ್ಲೇ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದರೆ ತಿಂದದ್ದು ಜೀರ್ಣವಾಗಲು ಅದೇ ಬೇಕು. ನಸುಕಿನಲ್ಲಂತೂ ಅದು ತೀರಾ ಇಳಿದಿರುತ್ತದೆ. ಹಾಗಾಗಿ ಬಿಸಿಲು ಬಂದ ಮೇಲೆ ಹಾಕಿ. ಈ ಮೀನುಗಳಿಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಅದಕ್ಕೇ ಒಂದೇ ಸಲ ಸುರಿಯದೆ, ಎರಡು ಮೂರು ನಿಮಿಷದಲ್ಲಿ ಖಾಲಿಯಾಗುವಷ್ಟನ್ನೇ ದಿನಕ್ಕೆ ಎರಡು ಮೂರು ಸಲ ಹಾಕಿ. ಮನುಷ್ಯರನ್ನು ಕಂಡರೆ ಅವು ಬಾಯಿ ತೆರೆಯುತ್ತವೆ, ಅದನ್ನು ಹಸಿವು ಅಂದುಕೊಳ್ಳಬೇಡಿ. ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಬಲೆಯಿಂದ ತೆಗೆದುಬಿಡಿ.