ಒಂದೇ ಡಿಶ್, ಮನೆಗೊಂದು ಚಾನೆಲ್ ಪಟ್ಟಿ

ಪ್ರಶ್ನೆ: ಮುಂಬಯಿಯ ಮುಲುಂಡ್‌ನ ನಮ್ಮ ಏಳು ಅಂತಸ್ತಿನ ಸೊಸೈಟಿಯ ತಾರಸಿಯಲ್ಲಿ ಮನೆಗೊಂದರಂತೆ ಡಿಶ್‌ಗಳು ತುಂಬಿದ್ದು, ಬೋಲ್ಟ್ ಹೊಡೆದ ತೂತುಗಳಿಂದ ಮಳೆಗಾಲದಲ್ಲಿ ನೀರು ಸೋರುತ್ತಿದೆ. ಎಲ್ಲರಿಗೂ ಸೇರಿ ಒಂದೇ ಡಿಶ್ ಹಾಕಿಸಲು ಸಮಿತಿ ಯೋಚಿಸುತ್ತಿದೆ. ಆಗ ನಾವೂ ನಮ್ಮ ಮರಾಠಿ ನೆರೆಯವರೂ ಒಂದೇ ಚಾನೆಲ್‌ಗಳನ್ನು ನೋಡಬೇಕಾಗುತ್ತದೆಯೇ?

ಉತ್ತರ: ಖಂಡಿತ ಇಲ್ಲ. ಹಂಚಿಕೆಯಾಗುವುದು ಉಪಗ್ರಹದ ಸಿಗ್ನಲ್ ಮಾತ್ರ. ಸೆಟ್ ಟಾಪ್ ಬಾಕ್ಸ್ ಮತ್ತು ಚಂದಾ ಆಯಾ ಮನೆಯದೇ ಆಗಿರುವುದರಿಂದ ನೀವು ಕನ್ನಡವನ್ನೂ ಅವರು ಮರಾಠಿಯನ್ನೂ ಆರಿಸಿಕೊಳ್ಳಬಹುದು. ಆದರೆ ಕಂಪನಿಗಳ ಉಪಗ್ರಹಗಳು ಸಾಮಾನ್ಯವಾಗಿ ಬೇರೆ ಬೇರೆ ಸ್ಥಾನಗಳಲ್ಲಿದ್ದು, ಒಂದು ಡಿಶ್ ಒಂದೇ ಕಡೆ ಮುಖ ಮಾಡುವುದರಿಂದ, ಯಾವ ಮನೆಯಲ್ಲಿ ಯಾವ ಸೇವೆಯಿದೆ ಎಂಬ ಪಟ್ಟಿಯನ್ನು ಸಮಿತಿ ಮೊದಲು ಮಾಡಲಿ. ಎರಡು ಮೂರು ಡಿಶ್ ಬೇಕಾದರೂ ಈಗಿನ ಗುಂಪಿಗಿಂತ ಅದು ಎಷ್ಟೋ ಮೇಲು.

ಅಗ್ಗವೆಂದು ಯಾರಾದರೂ ಒಂದೇ ಕೇಬಲ್ಲನ್ನು ಸಾಮಾನ್ಯ ಸ್ಪ್ಲಿಟರ್‌ನಿಂದ ಎಲ್ಲ ಮನೆಗಳಿಗೂ ಹಂಚಲು ಬಂದರೆ ದಯವಿಟ್ಟು ಒಪ್ಪಬೇಡಿ. ಪ್ರತಿ ಬಾಕ್ಸ್ ಚಾನೆಲ್‌ಗೆ ತಕ್ಕಂತೆ 13 ಅಥವಾ 18 ವೋಲ್ಟ್ ಕಳುಹಿಸಿ, ಡಿಶ್‌ನ ಎಲ್‌ಎನ್‌ಬಿಯಿಂದ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಸಾಧನ) ಲಂಬ ಅಥವಾ ಅಡ್ಡ ಧ್ರುವೀಕರಣದ, ಅಂದರೆ ಅಲೆ ಕಂಪಿಸುವ ದಿಕ್ಕಿನ, ಸಿಗ್ನಲ್ಲನ್ನು ಕೇಳುತ್ತದೆ; ಒಂದೇ ಕೇಬಲ್ಲಿನಲ್ಲಿ ಇಬ್ಬರು ಬೇರೆ ಬೇರೆ ಕೇಳಿದಾಗ ಒಬ್ಬರ ಚಿತ್ರ ಹೋಗುತ್ತದೆ. ನಾಲ್ಕು ಔಟ್‌ಪುಟ್‌ಗಳ ಕ್ವಾಟ್ರೋ ಎಲ್‌ಎನ್‌ಬಿಯಿಂದ, ಪ್ರತಿ ಬಾಕ್ಸ್‌ಗೆ ಅದು ಕೇಳಿದ ಸಿಗ್ನಲ್ಲನ್ನೇ ಕೊಡುವ ಮಲ್ಟಿಸ್ವಿಚ್‌ಗೆ, ಅಲ್ಲಿಂದ ಪ್ರತಿ ಬಾಕ್ಸ್‌ಗೆ ಪ್ರತ್ಯೇಕ ಕೇಬಲ್ ಎಳೆಯುವುದೇ ಸರಿಯಾದ ಕ್ರಮ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಕುಗ್ಗುವುದರಿಂದ ಕೆಳ ಅಂತಸ್ತುಗಳಿಗೆ ಆಂಪ್ಲಿಫೈಯರ್ ಬೇಕಾಗಬಹುದು.

ತಿಂಗಳ ಚಂದಾ ಬೇಡವೆನ್ನುವವರು ಡಿಡಿ ಫ್ರೀ ಡಿಶ್‌ನಲ್ಲಿ ಡಿಡಿ ಚಂದನ ನೋಡಬಹುದು. ಅದರ ಡಿಶ್ 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಉಪಗ್ರಹದ ಕಡೆಗೆ, ಅಂದರೆ ಮುಂಬಯಿಯಿಂದ ಆಗ್ನೇಯಕ್ಕೆ ಇರಬೇಕು. ಹೊಸ ಸ್ಟ್ಯಾಂಡನ್ನು ತಾರಸಿ ಕೊರೆಯದೆ, ಭಾರವಾದ ಕಾಂಕ್ರೀಟ್ ದಿಮ್ಮಿಯ ಮೇಲೆ ಭದ್ರವಾಗಿ ಕೂರಿಸಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳಿ.